ಮಣಕಾಲು, ಟೊಂಕ ನೋವಿನವರಿಗೆ ಬರೇ ‘ತೂಕ ಇಳಸ್ರಿ’ ಅಂದರ ಸಾಕೇನ್ರಿ? ಎಷ್ಟು, ಹೆಂಗ ಅಂತ ಹೇಳೋದು?

ಬನಹಟ್ಟಿ_ಸಿಎಚ್‌ಒ ಕೇಳಿದ್ದು:

ನಮಸ್ಕಾರ್ರಿ ಎಲ್ಲಾರಿಗೂ. ರಬಕವಿ-ಬನಹಟ್ಟಿ ಕಡೆ ಸರ್ಕಾರಿ ಆರೋಗ್ಯ ಮಂದಿರದಾಗ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಅದೀನಿ, ಬಿ.ಪಿ., ಶುಗರ್ ನೋಡೋ ಕೆಲಸ. 45 ದಾಟಿದ ಹೆಣ್ಮಕ್ಕಳೊಳಗ ಮಣಕಾಲು ಹಿಡದೈತಿ ಅನ್ನಲಾರದವರು ಕಡಿಮಿ. ಗಂಡಸರೊಳಗ ಪಾವರ್‌ಲೂಮ್ ನಡಸೋರು ಟೊಂಕಾ ಹಿಡಕೊಂಡು ಬರತಾರ. ಎಲ್ಲಾರಿಗೂ ಚೀಟಿ ಮ್ಯಾಲೆ ‘ತೂಕ ಇಳಿಸಿ’ ಅಂತ ಒಂದ ಸಾಲು ಬರದು ಕಳಸೋದು ರೂಢಿ ಆಗೇತಿ. ಅದನ್ನ ಓದಿ ಯಾರೂ ತೂಕ ಇಳಿಸಿಲ್ಲ, ಇಳಸೋದೂ ಇಲ್ಲ.

ಎರಡು ನಮೂನಿ ಮಂದಿಯನ್ನ ಮುಂದ ಇಟ್ಟು ಕೇಳತೀನಿ.

ಒಂದನೇದು, ವಯಸ್ಸು 54ರ ಹೆಣ್ಮಗಳು, ಎತ್ತರ 152 ಸೆಂ.ಮೀ., ತೂಕ 78 ಕಿಲೋ. ಕಾಲು ಹೊರಗ ಬಿಲ್ಲಿನಂಗ ಬಾಗಾಕ ಹತ್ಯಾವ. ‘ನಡಿಯಾಕ ಬರೂದಿಲ್ಲ, ನಡೀಲಾರದ ತೂಕ ಹೆಂಗ ಇಳಿಸಲಿ?’ ಅಂತ ಕೇಳತಾರ. ಈ ಪ್ರಶ್ನೆಗೆ ನನ್ನ ಹತ್ತರ ಉತ್ತರ ಇಲ್ಲ.

ಎರಡನೇದು, 40ರ ಗಂಡಸು, 166 ಸೆಂ.ಮೀ., 84 ಕಿಲೋ, ಹೊಟ್ಟಿ ಸುತ್ತಳತಿ 104 ಸೆಂ.ಮೀ., ಕಾಲು ಮಾತ್ರ ಕಡ್ಡಿ ಹಂಗ. ದಿನಕ್ಕ ಹತ್ತ ತಾಸು ಮಗ್ಗದ ಮುಂದ ಕಲ್ಲಿನ ನೆಲದ ಮ್ಯಾಲೆ ನಿಂದರತಾರ. ಎಂಆರ್‌ಐ ಮಾಡಿಸ್ಯಾರ, ‘ಡಿಸ್ಕ್ (ಬೆನ್ನಮಣಿಗಳ ನಡುವಿನ ಮೆತ್ತಿ) ಗ್ಯಾಪ್ ಆಗೇತಿ, ಭಾರ ಮುಟ್ಟಬ್ಯಾಡ’ ಅಂದಾರಂತ, ಅವತ್ತಿನಿಂದ ಹೆದರಿ ಬಗ್ಗೋದ ಬಿಟ್ಟಾರ.

ತೂಕಕ್ಕೂ ಕೀಲಿಗೂ ಇರೋ ಲೆಕ್ಕ, ಎಷ್ಟು ಕಿಲೋ ಇಳಿದರ ಎಷ್ಟು ಫರಕು, ಊಟದಾಗ ಏನು, ವ್ಯಾಯಾಮದಾಗ ಏನು, ಅಳತಿ ಸಹಿತ ಹೇಳಿದರ ಉಪಕಾರ ಆಗತೈತಿ. ಜಿಮ್ ಅನ್ನೋದನ್ನ ಬಿಟ್ಟು ಹೇಳ್ರಿ.

ಬೆಳಗಾವಿ_ಎಲುಬುಕೀಲು:

ಎರಡನ್ನೂ ಬೇರೆ ಬೇರೆ ನೋಡಬೇಕು. ಮೊಣಕಾಲಿನ ಲೆಕ್ಕ ಸ್ಪಷ್ಟ, ಬೆನ್ನಿನದು ಅಷ್ಟು ಸ್ಪಷ್ಟವಲ್ಲ.

ನಡೆಯುವಾಗ ಒಂದು ಕಾಲು ನೆಲದಲ್ಲಿ, ಇನ್ನೊಂದು ಗಾಳಿಯಲ್ಲಿ ಇರುವ ಗಳಿಗೆಯಲ್ಲಿ ಮೈ ಮುಗ್ಗರಿಸದಂತೆ ತೊಡೆಯ ಸ್ನಾಯುಗಳು ಬಿಗಿದು ಹಿಡಿಯುತ್ತವೆ. ಆ ಬಿಗಿತವೂ ಕೀಲಿನ ಮೇಲೆಯೇ ಬೀಳುತ್ತದೆ. ಹಾಗಾಗಿ ಸಪಾಟು ನೆಲದಲ್ಲೇ ಮೊಣಕಾಲಿನ ಮೇಲಿನ ಒತ್ತಡ ಮೈತೂಕದ ಎರಡೂವರೆ ಪಟ್ಟು, ಮೆಟ್ಟಿಲು ಇಳಿಯುವಾಗ ಮೂರೂವರೆ ಪಟ್ಟಿನ ಹತ್ತಿರ. ಕೃತಕ ಮೊಣಕಾಲಿನ ಒಳಗೇ ಅಳತೆಯ ಸಾಧನ ಕೂರಿಸಿ ಅಳೆದ ಸಂಖ್ಯೆಗಳಿವು. ಹತ್ತುವುದಕ್ಕಿಂತ ಇಳಿಯುವಾಗಲೇ ಹೆಚ್ಚು ನೋಯುತ್ತದೆ ಎಂದು ಜನ ಹೇಳುವುದರಲ್ಲಿ ಅರ್ಥವಿದೆ.

ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ, ಮೊಣಕಾಲು ಸವೆತವಿದ್ದ ದಪ್ಪ ಮೈಯ ಹಿರಿಯರಲ್ಲಿ ಕಂಡುಕೊಂಡದ್ದು: ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಒತ್ತಡ 4 ಕಿಲೋ ಇಳಿಯುತ್ತದೆ. ನಿಮ್ಮ 78 ಕಿಲೋದವರಿಗೆ ನೂರಕ್ಕೆ ಹತ್ತು ಅಂದರೆ 7.8 ಕಿಲೋ. ಹೆಜ್ಜೆಗೆ 31 ಕಿಲೋ ಕಡಿಮೆ. ಮನೆಯೊಳಗೆ, ಓಣಿಯಲ್ಲಿ ಓಡಾಡಿ ದಿನಕ್ಕೆ 3000 ಹೆಜ್ಜೆ ಎಂದರೂ ಒಂದೊಂದು ಕಾಲಿಗೆ 1500. ಗುಣಿಸಿದರೆ ಒಂದು ಮೊಣಕಾಲಿನ ಮೇಲಿಂದ ದಿನಕ್ಕೆ 465 ಕ್ವಿಂಟಲ್ ಇಳಿದಂತೆ. ಎಪಿಎಂಸಿ ಕಂಡವರಿಗೆ ಕ್ವಿಂಟಲ್ ಲೆಕ್ಕ ಬೇಗ ಹತ್ತುತ್ತದೆ, ಹಾಗೇ ಹೇಳಿ.

ಗುರಿ 55 ಕಿಲೋ ಎಂದು ಮಾತ್ರ ಬರೆಯಬೇಡಿ. ಅದನ್ನು ನೋಡಿಯೇ ಕೈಬಿಡುತ್ತಾರೆ. ನೂರಕ್ಕೆ 5 ಇಳಿದರೆ ನೋವಿನಲ್ಲಿ ಫರಕು ಗೊತ್ತಾಗಲು ಶುರು, 10 ಇಳಿದರೆ ಚೆನ್ನಾಗಿಯೇ ಗೊತ್ತಾಗುತ್ತದೆ. 2013ರಲ್ಲಿ ಪ್ರಕಟವಾದ, 454 ಜನರನ್ನು 18 ತಿಂಗಳು ನೋಡಿದ ಅಧ್ಯಯನದಲ್ಲಿ ಊಟ ಮತ್ತು ವ್ಯಾಯಾಮ ಎರಡನ್ನೂ ಮಾಡಿದವರ ತೂಕ ಸರಾಸರಿ ನೂರಕ್ಕೆ 11ರಷ್ಟು ಇಳಿಯಿತು, ನೋವು ಹತ್ತಿರ ಹತ್ತಿರ ಅರ್ಧಕ್ಕೆ ಬಂತು. ಊಟ ಮಾತ್ರ ಅಥವಾ ವ್ಯಾಯಾಮ ಮಾತ್ರ ಮಾಡಿದವರಿಗೆ ಅಷ್ಟು ಫಲ ಸಿಗಲಿಲ್ಲ.

ಭಾರ ಒಂದೇ ಕಾರಣವಾಗಿದ್ದರೆ ಕೈಬೆರಳ ಗೆಣ್ಣು ಸವೆಯಬಾರದಿತ್ತು, ಬೆರಳ ಮೇಲೆ ಯಾರೂ ನಡೆಯುವುದಿಲ್ಲ. ಆದರೂ ದಪ್ಪ ಮೈಯವರಲ್ಲಿ ಅದೂ ಹೆಚ್ಚು. ಹೊಟ್ಟೆಯ ಕೊಬ್ಬು ಲೆಪ್ಟಿನ್, ಇಂಟರ್‌ಲ್ಯೂಕಿನ್-6ರಂಥ ವಸ್ತುಗಳನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಅವು ಕೀಲಿನ ಒಳಪದರವನ್ನು ಸಣ್ಣಗೆ ಉರಿಸುತ್ತವೆ. ಮೊಣಕಾಲಿನ ಮೃದ್ವಸ್ಥಿಯ (ಎಲುಬಿನ ತುದಿಗೆ ಹೊದಿಕೆಯಂತಿರುವ ನುಣುಪು ಪದರದ) ದಪ್ಪ 2ರಿಂದ 4 ಮಿ.ಮೀ. ಅಷ್ಟೇ. ಅದಕ್ಕೆ ತನ್ನದೇ ರಕ್ತನಾಳ ಇಲ್ಲ, ಒತ್ತಿ ಬಿಟ್ಟಾಗ ಕೀಲಿನ ದ್ರವವನ್ನು ಹೀರಿ ಬದುಕುತ್ತದೆ. ಆದ್ದರಿಂದ ಅಳತೆ ಮೀರಿ ಒತ್ತಿದರೂ ಕೆಟ್ಟದ್ದು, ಅಲುಗಾಡದೆ ಕೂತರೂ ಕೆಟ್ಟದ್ದು.

ಕಾಲು ಹೊರಗೆ ಬಾಗಿದೆ ಎಂದಿರಿ. ನೆಟ್ಟಗಿರುವ ಕಾಲಿನಲ್ಲೇ ಭಾರದ ನೂರಕ್ಕೆ 60-70 ಮೊಣಕಾಲಿನ ಒಳಬದಿಯ ಮೇಲೆ ಇರುತ್ತದೆ. ಬಾಗಿದಂತೆ ಅದು ಇನ್ನಷ್ಟು ಒಳಕ್ಕೆ ಸರಿಯುತ್ತದೆ, ಒಳಬದಿ ಸವೆದಂತೆ ಕಾಲು ಇನ್ನಷ್ಟು ಬಾಗುತ್ತದೆ. ಎಕ್ಸ್‌ರೇ ಬರೆಯುವಾಗ ‘ನಿಲ್ಲಿಸಿ, ಎರಡೂ ಮೊಣಕಾಲು’ ಎಂದೇ ಬರೆಯಿರಿ. ಮಲಗಿಸಿ ತೆಗೆದರೆ ಸವೆದ ಸಂದು ತೆರೆದುಕೊಂಡು ಚೆನ್ನಾಗಿರುವಂತೆ ಕಾಣುತ್ತದೆ.

ಇನ್ನು ಬೆನ್ನು. ತಕ್ಕಡಿಯ ಹಾಗೆ ನೋಡಿ. ಡಿಸ್ಕಿನ ನಡುವಿನಿಂದ ಹೊಟ್ಟೆಯ ಭಾರ ಸುಮಾರು 20 ಸೆಂ.ಮೀ. ಮುಂದೆ, ಅದನ್ನು ಹಿಂದಿನಿಂದ ಎಳೆದು ಹಿಡಿಯುವ ಸ್ನಾಯು ಬರೀ 5 ಸೆಂ.ಮೀ. ಹಿಂದೆ. ಮುಂದೆ 10 ಕಿಲೋ ಜೋತಿದ್ದರೆ ಹಿಂದಿನ ಸ್ನಾಯು 40 ಕಿಲೋ ಬಲದಿಂದ ಎಳೆಯಬೇಕು. ಎರಡೂ ಸೇರಿ ಡಿಸ್ಕಿನ ಮೇಲೆ 50 ಕಿಲೋ. ಅದಕ್ಕೇ 84 ಕಿಲೋ ಎನ್ನುವುದಕ್ಕಿಂತ 104 ಸೆಂ.ಮೀ. ಎನ್ನುವುದು ನನ್ನ ಕಣ್ಣಿಗೆ ಮುಖ್ಯ ಸಂಖ್ಯೆ. ನಮ್ಮ ಜನಕ್ಕೆ ಮಿತಿ ಗಂಡಸರಿಗೆ 90, ಹೆಂಗಸರಿಗೆ 80.

ಆದರೆ ತೂಕ ಇಳಿದರೆ ಬೆನ್ನುನೋವು ಇಷ್ಟೇ ಇಳಿಯುತ್ತದೆ ಎಂದು ಮೊಣಕಾಲಿನಷ್ಟು ಗಟ್ಟಿಯಾಗಿ ಹೇಳುವ ಪುರಾವೆ ಇಲ್ಲ. ಎಂಆರ್‌ಐ ಹೆದರಿಕೆಯನ್ನು ಮಾತ್ರ ಮೊದಲು ತೆಗೆಯಿರಿ. ಬೆನ್ನುನೋವೇ ಇಲ್ಲದ 50 ವರ್ಷದವರನ್ನು ಯಂತ್ರದೊಳಗೆ ಮಲಗಿಸಿದರೂ ನೂರಕ್ಕೆ 80 ಜನರಲ್ಲಿ ಡಿಸ್ಕ್ ಸವೆತ, 60 ಜನರಲ್ಲಿ ಡಿಸ್ಕ್ ಉಬ್ಬು ಕಾಣುತ್ತದೆ. ತಲೆಗೂದಲು ನೆರೆತಂತೆ ಅದು. ಆ ವರದಿ ಹಿಡಿದು ಬಗ್ಗುವುದನ್ನೇ ಬಿಟ್ಟರೆ ಇದ್ದ ಸ್ನಾಯುವೂ ಹೋಗುತ್ತದೆ.

ವಿಜಯಪುರ_ಫಿಜಿಯೋ:

ಡಾಕ್ಟರ್ ಲೆಕ್ಕ ಹೇಳ್ಯಾರ. ನಾನು ‘ನಡಿಯಾಕ ಬರೂದಿಲ್ಲ, ತೂಕ ಹೆಂಗ ಇಳಿಸಲಿ’ ಅನ್ನೋ ಮಾತಿಗೆ ಬರತೀನಿ. ಆ ಅಕ್ಕಾರು ಕೇಳಿದ್ದು ಖರೇ ಐತಿ. ಈ ಗಂಟು ಬಿಚ್ಚೋ ತುದಿ ನಡಿಗಿಯೊಳಗ ಇಲ್ಲ, ತೊಡಿಯೊಳಗ ಐತಿ. ತೂಕ ಇಳಿಸೋ ಕೆಲಸ ಊಟಕ್ಕ ಬಿಡ್ರಿ. ವ್ಯಾಯಾಮದ ಕೆಲಸ ಮಣಕಾಲ ಸುತ್ತ ಕಟ್ಟು ಬಿಗಿಯೋದು. ಇವೆರಡನ್ನ ಕಲಸಿ ‘ವಾಕಿಂಗ್ ಮಾಡ್ರಿ’ ಅಂತ ಕಳಿಸಿದರ ಮೂರನೇ ದಿನ ಮಣಕಾಲು ಬಾತು ಮನ್ಯಾಗ ಕುಂದರತಾರ.

ಮೊದಲ ಎರಡು ವಾರ ಹಾಸಿಗಿ ಮ್ಯಾಲೆ:

ಟವೆಲ್ ಒತ್ತೋದು. ಕಾಲು ಚಾಚಿ, ಮಣಕಾಲ ಕೆಳಗ ಸುತ್ತಿದ ಟವೆಲ್ ಇಟ್ಟು, ಮಣಕಾಲಿನಿಂದ ಅದನ್ನ ನೆಲಕ್ಕ ಒತ್ತಿ ಹಿಡೀಬೇಕು. ಐದು ಎಣಿಸಿ ಬಿಡಬೇಕು. ಚಿಪ್ಪಿನ ಮ್ಯಾಲಿನ ತೊಡಿ ಭಾಗಕ್ಕ ಕೈ ಇಟ್ಟರ ಗಟ್ಟಿ ಆಗಿದ್ದು ಗೊತ್ತಾಗಬೇಕು. ಗಟ್ಟಿ ಆಗಲಿಲ್ಲಂದರ ಹಿಮ್ಮಡಿಯಿಂದ ಒತ್ತಾಕ ಹತ್ಯಾರ ಅಂತ ತಿಳೀರಿ. ಹತ್ತು ಸಲ, ದಿನಕ್ಕ ಮೂರು ಹೊತ್ತು.

ನೆಟ್ಟಗ ಕಾಲೆತ್ತೋದು. ಒಂದು ಕಾಲು ಮಡಚಿ ಪಾದ ಊರಬೇಕು, ಇನ್ನೊಂದನ್ನ ಮಣಕಾಲು ಬಿಗಿ ಹಿಡಿದು ಒಂದು ಗೇಣಿನ ಮ್ಯಾಲೆ ಸ್ವಲ್ಪ ಎತ್ತಿ ಐದು ಎಣಿಸಬೇಕು. ಎರಡೂ ಕಾಲು ಚಾಚಿ ಎತ್ತಿದರ ಟೊಂಕಕ್ಕ ಜಗ್ಗತೈತಿ, ಅದಕ್ಕ ಒಂದನ್ನ ಮಡಚಾಕ ಹೇಳೋದು.

ಮಗ್ಗಲಾಗಿ ಮಲಗಿ ಮ್ಯಾಲಿನ ಕಾಲೆತ್ತೋದು. ಇದನ್ನ ಎಲ್ಲಾರೂ ಬಿಟ್ಟುಬಿಡತಾರ. ಕುಂಡಿ ಬದಿಯ ಸ್ನಾಯು ಸಡಿಲಿದ್ದರ ನಡಿಯುವಾಗ ಮೈ ಆ ಕಡೆ ಈ ಕಡೆ ತೂಗತೈತಿ, ಬಾತುಕೋಳಿ ನಡಿಗಿ ಅಂತೀವಲ್ಲ, ಅದು. ಎತ್ತುವಾಗ ಬೆರಳು ಮುಗಿಲಿಗೆ ತಿರುಗಿದರ ಕೆಲಸ ಮುಂದಿನ ತೊಡಿಗೆ ಹೋಗತೈತಿ. ಬೆರಳು ಮುಂದಕ್ಕ ನೋಡತಿರಬೇಕು, ಕಾಲು ಕೂದಲೆಳಿಯಷ್ಟು ಹಿಂದಕ್ಕಿರಬೇಕು.

ಮೂರನೇ ವಾರದಿಂದ ಖುರ್ಚಿ. ಕೈ ಊರದ ಎದ್ದು ಕುಂದರೋದು. ಆಗಲಿಲ್ಲಂದರ ಖುರ್ಚಿ ಮ್ಯಾಲೆ ಎರಡು ಕೌದಿ ಮಡಚಿ ಹಾಕ್ರಿ, ಎತ್ತರ ಆದಷ್ಟು ಮಣಕಾಲು ಕಡಿಮಿ ಮಡಚತೈತಿ. ಹತ್ತು ಸಲ ಸಲೀಸ ಎದ್ದರ ಒಂದು ಕೌದಿ ತಗೀರಿ. ಇನ್ನೂ ಎರಡು ವಾರಕ್ಕ ಇನ್ನೊಂದು. ಕುಂದರುವಾಗ ದೊಪ್ಪಂತ ಬೀಳಬಾರದು, ಮೂರು ಎಣಿಸಿ ಇಳೀಬೇಕು, ಇಳಿಯುವಾಗಲೂ ಬಲ ಬರತೈತಿ. ಏಳುವಾಗ ಮಣಕಾಲು ಒಳಗ ಒಂದಕ್ಕೊಂದು ತಾಗಬಾರದು. ಹತ್ತರ ಮೂರು ಸುತ್ತು, ವಾರಕ್ಕ ಮೂರು ದಿನ.

ಪ್ರಗತಿ ಅಳಿಯಾಕ 30 ಸೆಕೆಂಡಿನೊಳಗ ಎಷ್ಟು ಸಲ ಏಳತಾರ ಎಣಿಸಿ ಬರೀರಿ. 60ರಿಂದ 64ರ ಹೆಣ್ಮಕ್ಕಳು 12ಕ್ಕಿಂತ ಕಡಿಮಿ ಎದ್ದರ ಕಾಲಿನ ಬಲ ಕಡಿಮಿ ಅಂತ ಲೆಕ್ಕ. ತಕ್ಕಡಿ ಮುಳ್ಳು ಅಲ್ಲಾಡದ ವಾರಗಳೊಳಗ ಈ ಸಂಖ್ಯೆ ಮ್ಯಾಲೇರಿದ್ದು ತೋರಿಸಿದರ ಅವರು ಕೈಬಿಡೋದಿಲ್ಲ.

ನೋವಿನ ಅಳತಿ: ಹತ್ತಕ್ಕ ನಾಲ್ಕರ ತನಕ ನೋವಾದರ ನಡೀತೈತಿ, ಮರುದಿನ ಅದ ಹೊತ್ತಿಗೆ ಮೊದಲಿನಂಗ ಆಗಿರಬೇಕು. ಆಗಿರಲಿಲ್ಲಂದರ, ಇಲ್ಲಾ ಮಣಕಾಲು ಬಾತಿದ್ದರ, ಸುತ್ತು ಮೂರರಿಂದ ಎರಡಕ್ಕ ಇಳಸ್ರಿ. ಪೂರ್ತಿ ನಿಲ್ಲಸಬ್ಯಾಡ್ರಿ. ಫಲ ಕಾಣಾಕ 8ರಿಂದ 12 ವಾರ ಬೇಕು, ಇದನ್ನ ಮೊದಲ ದಿನಾನ ಹೇಳ್ರಿ.

ನಡಿಗಿ ಆಮ್ಯಾಲೆ ಕೂಡಿಸ್ರಿ. 5 ನಿಮಿಷದ್ದು ಮೂರು ಸಲ, ವಾರಕ್ಕ ಒಂದೊಂದು ನಿಮಿಷ ಏರಿಸ್ಕೋತ. ಕೋಲು ನೋವಿನ ಕಾಲಿನ ಕಡೆ ಅಲ್ಲ, ಎದುರು ಕೈಯಾಗ. ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರಿ ಮಟ್ಟಕ್ಕ ಕೋಲಿನ ಹಿಡಿಕಿ ಬರಬೇಕು. ನಮ್ಮ ಮಂದಿ ಎದಿಮಟ್ಟದ ಬಿದಿರು ಕೋಲು ಹಿಡಿತಾರ, ಅದು ನಾಯಿ ಓಡಸಾಕ ಛಲೋ, ಭಾರ ಹೊರೂದಿಲ್ಲ. ತುದಿಯ ರಬ್ಬರ್ ಸವದು ನುಣ್ಣಗಾದರ ಬದಲಿಸ್ರಿ, ಕಡಪಾ ಕಲ್ಲಿನ ಮ್ಯಾಲೆ ಜಾರತೈತಿ.

ನೆಲದ ಮ್ಯಾಲೆ ಕುಂತು ಏಳೋದನ್ನ ಕಡಿಮಿ ಮಾಡಸ್ರಿ. ಪಾಯಖಾನಿಗೆ ಕಮೋಡ್ ಖುರ್ಚಿ, ಕಾಳು ಹಸನ ಮಾಡೋದು ಖುರ್ಚಿ ಮ್ಯಾಲೆ, ರೊಟ್ಟಿ ಬಡಿಯೋದು ಕಟ್ಟಿ ಮ್ಯಾಲೆ. ರೊಟ್ಟಿ ಬಡಿಯೋ ಕಟ್ಟಿ ಮಣಕೈಗಿಂತ ಒಂದು ಗೇಣು ತೆಳಗಿರಬೇಕು, ಇಲ್ಲಂದರ ಮಣಕಾಲು ಉಳಿಸಿ ಭುಜ ಕಳಕೊಂಡಂಗ.

ರೊಟ್ಟಿಲೆಕ್ಕ:

ಊಟದ ಭಾಗ ನಾನು ಬರೀತೀನಿ. ಆಹಾರ ಸಲಹೆ ಅಂದರ ಓಟ್ಸ್, ಸಲಾಡ್ ಅಂತ ಬರದು ಕೊಡೋದನ್ನ ಬಿಡ್ರಿ, ಬನಹಟ್ಟಿ ಅಡಗಿ ಮನ್ಯಾಗ ಏನೈತಿ ಅದರೊಳಗ ಕಡಿತ ಆಗಬೇಕು.

ಅರ್ಧ ಕಿಲೋ ವಾರಕ್ಕ ಇಳಿಬೇಕಂದರ ದಿನಕ್ಕ ಸುಮಾರು 500 ಕಿಲೋಕ್ಯಾಲರಿ ಕಡಿತ. ಎಲ್ಲಿ ಸಿಗತೈತಿ ನೋಡ್ರಿ.

ಜೋಳದ ಹಿಟ್ಟು 100 ಗ್ರಾಂಗೆ 334 ಕಿಲೋಕ್ಯಾಲರಿ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಹಿಡಿದರ 200. ಜೋಳ ತಿಂದರ ದಪ್ಪ ಆಗೂದಿಲ್ಲ ಅನ್ನೋದು ನಮ್ಮ ಕಡೆ ದೊಡ್ಡ ತಪ್ಪು ತಿಳವಳಿಕಿ. ನಾರು ಜಾಸ್ತಿ, ಹೊಟ್ಟಿ ತುಂಬತೈತಿ, ಅದೆಲ್ಲ ಖರೇ. ಆದರ ಹೊತ್ತಿಗೆ ಮೂರರಂಗ ಎರಡು ಹೊತ್ತಿಗೆ ಆರು ರೊಟ್ಟಿ ಅಂದರ ಅದ ಒಂದ 1200. ಇನ್ನೊಂದು ಮೋಸ ಖಡಕ್ ರೊಟ್ಟಿ. ಕೈಯಾಗ ಹಗುರ ಅನಸತೈತಿ ಅಂತ ನಾಕು ತಿಂತಾರ. ಹೋಗಿದ್ದು ನೀರಷ್ಟ, ಹಿಟ್ಟು ಒಳಗ ಐತಿ. ಎಣಿಕಿ ರೊಟ್ಟಿದಲ್ಲ, ಹಿಟ್ಟಿಂದು. ಒಂದು ವಾಟಿ ಹಿಟ್ಟು ತೂಗಿ, ಅದರಾಗ ಎಷ್ಟು ರೊಟ್ಟಿ ಆದವು ಅಂತ ಅವರ ಎದುರಿಗೇ ಒಂದು ಸಲ ಲೆಕ್ಕ ಹಾಕಿ ತೋರಸ್ರಿ.

ಎಣ್ಣಿ ಒಂದು ದೊಡ್ಡ ಚಮಚಕ್ಕ 120. ಪಲ್ಯೆ, ಝುಣಕ, ಒಗ್ಗರಣಿ, ಚಟ್ನಿಪುಡಿ ಮ್ಯಾಲೆ ಹಸಿ ಎಣ್ಣಿ, ಎಲ್ಲಾ ಕೂಡಿದರ ನಾಕು ಚಮಚ ಸಹಜ. ಅದು ಎರಡಕ್ಕ ಬರಬೇಕು. ಮನಿಯ ನಾಕು ಮಂದಿಗೆ ತಿಂಗಳಿಗೆ ಮೂರೂವರೆ ಲೀಟರ್ ಅಂತ ಬೇರೆ ಡಬ್ಬಿ ಮಾಡಿ ಇಟ್ಟರ ಅಳತಿ ತಾನ ಆಗತೈತಿ.

ಚಾ. ಕಪ್ಪಿಗೆ ಎರಡು ಚಮಚ ಸಕ್ಕರಿ ಅಂದರ 40. ನಾಕು ಕಪ್ಪಿಗೆ 160. ಒಂದು ಚಮಚಕ್ಕ ಇಳಿದರ 80 ಉಳೀತು. ಬೆಲ್ಲದ ಚಾ ಅಂದರೂ ಲೆಕ್ಕ ಹೆಚ್ಚುಕಡಿಮಿ ಅಷ್ಟ.

ಒಂದು ರೊಟ್ಟಿ 200, ಎರಡು ಚಮಚ ಎಣ್ಣಿ 240, ಸಕ್ಕರಿ 80, ಕೂಡಿದರ 520. ಊಟ ಬಿಡಬೇಕಿಲ್ಲ, ಉಪವಾಸ ಬೇಡ. ಕರದಂಟು, ಶೇಂಗಾ ಹೋಳಿಗಿ, ಸಂಜಿ ಮಿರ್ಚಿ ಭಜಿ ಈ ಲೆಕ್ಕದ ಹೊರಗ. ಅಮೀನಗಡದ ಕರದಂಟು ಬಾಣಂತಿಗೆ, ಕುಸ್ತಿ ಆಡೋರಿಗೆ ಛಲೋ, ‘ಡ್ರೈಫ್ರೂಟ್ ಐತಿ, ಎಲುಬಿಗೆ ಒಳ್ಳೇದು’ ಅಂತ ದಿನಾ ಎರಡು ತುಂಡು ತಿನ್ನೋರಿಗೆ ಅಲ್ಲ.

ತೆಗೆದ ರೊಟ್ಟಿ ಜಾಗಕ್ಕ ಕಾಳು ಮತ್ತ ಸೊಪ್ಪು ಬರಬೇಕು, ಇಲ್ಲಂದರ ಹಸಿವಾಗಿ ಸಂಜಿಗೆ ಚುರುಮುರಿ ಹುಡುಕತಾರ. ಪ್ರೋಟೀನ್ ಗುರಿ 60 ಗ್ರಾಂ ಹತ್ತರ ಇಡ್ರಿ. ಯಾಕಂದರ ಪ್ರೋಟೀನ್ ಇಲ್ಲದ ತೂಕ ಇಳಿದರ ಫಿಜಿಯೋ ಕಟ್ಟಾಕ ಹತ್ತಿದ ತೊಡಿಯ ಸ್ನಾಯುನ ಕರಗತೈತಿ. ಕಡಿಮಿ ಅಂದರೂ ಮೂರು ರೊಟ್ಟಿ ಹಿಡಿದರ ಅದರೊಳಗ 18, ಮಡಕಿ, ಹೆಸರು, ತೊಗರಿ ಕೂಡಿ 80 ಗ್ರಾಂ ಕಾಳಿನೊಳಗ 18, ಹಾಲು-ಮೊಸರು 400 ಮಿ.ಲೀ.ಗೆ 13, ಹುರಿದ ಶೇಂಗಾ ಒಂದು ಸಣ್ಣ ಮುಷ್ಟಿ 25 ಗ್ರಾಂಗೆ 6. 55 ಆತು. ತತ್ತಿ ತಿನ್ನೋರು ಒಂದು ತತ್ತಿ ಕೂಡಿಸಿದರ ಮುಗೀತು. ಪುಂಡಿ, ಮೆಂತೆ, ಹಕ್ಕರಿಕಿ, ಸವತಿ, ಮೂಲಂಗಿ ಎಷ್ಟು ತಿಂದರೂ ಅಡ್ಡಿ ಇಲ್ಲ. ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ಈ ಪ್ರೋಟೀನ್ ಲೆಕ್ಕ ಹೇಳಬ್ಯಾಡ್ರಿ.

ಸಿಎಚ್‌ಒ ಅಕ್ಕಾರ, ನಿಮ್ಮ ಕೆಲಸಕ್ಕ ಸಂಬಂಧಪಟ್ಟಿದ್ದು ಒಂದು: ಶುಗರ್ ಇಳಿಸೋ ಗ್ಲಿಮಿಪಿರೈಡ್ ಗುಳಿಗಿ ಇಲ್ಲಾ ಇನ್ಸುಲಿನ್ ತಗೊಳ್ಳೋರು ಊಟ ಕಡಿಮಿ ಮಾಡಿದರ ಶುಗರ್ ಇಳಿದು ಬೆವರಿ ಬೀಳಬಹುದು. ಮೊದಲು ವೈದ್ಯಾಧಿಕಾರಿಗೆ ತಿಳಿಸಿ ಡೋಸ್ ನೋಡಸ್ರಿ, ಆಮ್ಯಾಲೆ ರೊಟ್ಟಿ ತಗೀರಿ.

ಮುಂಜಾನೆ_ನಡಿಗೆ:

ಇಷ್ಟೆಲ್ಲ ಯಾಕ್ರೀ, ದಿನಾ 10,000 ಹೆಜ್ಜಿ ಹಾಕಿಸ್ರಿ. ಇಲ್ಲಾ ಗೋಳಗುಮ್ಮಟ ದಿನಾ ಒಂದು ಸಲ ಹತ್ತಿ ಇಳಿದರ ಕೊಬ್ಬು ತಾನ ಕರಗತೈತಿ.

ವಿಜಯಪುರ_ಫಿಜಿಯೋ:

ಅಣ್ಣಾರ, ಗೋಳಗುಮ್ಮಟದ ಮಿನಾರದೊಳಗ ಏಳು ಅಂತಸ್ತು, ಮೆಟ್ಟಿಲು ಕಡಿದಾಗಿ, ಇಕ್ಕಟ್ಟಾಗಿ ಅದಾವ. ಗಟ್ಟಿ ಮಣಕಾಲಿನ ಹುಡುಗರು ಹತ್ತಲಿ. ಸವೆದ ಮಣಕಾಲಿನವರಿಗೆ ಇಳಿಯುವಾಗ ಪ್ರತಿ ಮೆಟ್ಟಿಲಿಗೂ ಮೂರೂವರೆ ಪಟ್ಟು ಅಂತ ಮ್ಯಾಲೆ ಡಾಕ್ಟರ್ ಬರದಾರ. ಅದರ ತೋಟದಾಗ ಸುತ್ತು ಹಾಕೋದಾದರ ಬೇಕಾದಷ್ಟು ಹಾಕಲಿ, ಏಪ್ರಿಲ್-ಮೇದಾಗ 7 ಗಂಟೆ ಒಳಗ ಮುಗಿಸಿ. 10,000 ಅನ್ನೋ ಸಂಖ್ಯೆ 1960ರ ದಶಕದಾಗ ಜಪಾನಿನ ಹೆಜ್ಜಿ ಎಣಿಸೋ ಯಂತ್ರದ ಜಾಹೀರಾತಿನಿಂದ ಬಂದದ್ದು, ಮಣಕಾಲು ನೋಡಿ ಹೇಳಿದ್ದಲ್ಲ. ಸದ್ಯ 2500 ಹೆಜ್ಜಿ ಇದ್ದವರಿಗೆ 3000 ಗುರಿ, ಅದು ಎರಡು ವಾರ ನಿಂತರ 3500. ಈಜುಕೊಳ ಸಿಗೋ ಊರಾಗಿದ್ದರ ಹೊಕ್ಕಳಮಟ್ಟದ ನೀರಾಗ ನಡಸ್ರಿ, ಅಲ್ಲಿ ಮೈಭಾರ ಅರ್ಧಕ್ಕ ಬರತೈತಿ.

ಬನಹಟ್ಟಿ_ಸಿಎಚ್‌ಒ:

ಭಾಳ ಉಪಕಾರ ಆತ್ರಿ. ಮೂರು ಉಳಿದಾವ. ಮಗ್ಗದವರಿಗೆ ನಿಂತ ಜಾಗದಾಗ ಏನು ಮಾಡಸಬಹುದು? ಎರಡನೇದು, ಜಾತ್ರಿ, ಸಂತಿಯೊಳಗ ಹೆಸರಿಲ್ಲದ ಪುಡಿ, ಗುಳಿಗಿ ಮಾರತಾರ, ‘ಎರಡು ದಿನಕ್ಕ ಮಣಕಾಲು ಹಗುರ’ ಅಂತ. ತಗೊಂಡವರು ಖರೇನ ಆರಾಮ ಆಗೇತಿ ಅಂತಾರ, ಆದರ ತೂಕ ಏರಾಕ ಹತ್ತೇತಿ. ಮೂರನೇದು, ತೂಕ ಇಳಿಸೋ ಹೊಸ ಇಂಜೆಕ್ಷನ್ ಬಗ್ಗೆ ಕೇಳತಾರ.

ಬೆಳಗಾವಿ_ಎಲುಬುಕೀಲು:

ಪುಡಿಯ ಬಗ್ಗೆ ಮೊದಲು, ಅದೇ ಅಪಾಯದ್ದು. ಎರಡೇ ದಿನದಲ್ಲಿ ಹಗುರ, ಹಸಿವು ಹೆಚ್ಚು, ತೂಕ ಹೆಚ್ಚು ಎಂದರೆ ಅದರಲ್ಲಿ ಸ್ಟೆರಾಯ್ಡ್ ಬೆರೆಸಿರುವ ಅನುಮಾನ ಬರಬೇಕು. ಮುಖ ದುಂಡಗಾಗಿದೆಯೇ, ಕೈಕಾಲು ಸಣ್ಣಗಾಗಿ ಹೊಟ್ಟೆ ಬೆಳೆದಿದೆಯೇ, ಹೊಟ್ಟೆಯ ಚರ್ಮದ ಮೇಲೆ ನೇರಳೆ ಗೆರೆ ಬಂದಿವೆಯೇ, ಶುಗರ್ ಏರಿದೆಯೇ ನೋಡಿ. ತೊಡೆಯ ಸ್ನಾಯು ಕರಗುತ್ತದೆ, ಎಲುಬು ಟೊಳ್ಳಾಗುತ್ತದೆ, ತೂಕ ಏರುತ್ತದೆ. ಮೊಣಕಾಲಿಗೆ ಬೇಡವಾದ ಮೂರೂ ಒಂದೇ ಪೊಟ್ಟಣದಲ್ಲಿ. ಆದರೆ ‘ಇವತ್ತೇ ಬಿಸಾಕಿ’ ಎನ್ನಬೇಡಿ. ವಾರಗಟ್ಟಲೆ ತಿಂದವರಲ್ಲಿ ದೇಹ ತನ್ನದೇ ಸ್ಟೆರಾಯ್ಡ್ ತಯಾರಿಸುವುದನ್ನು ನಿಲ್ಲಿಸಿರುತ್ತದೆ, ಥಟ್ಟನೆ ಬಿಟ್ಟರೆ ಬಿ.ಪಿ. ಕುಸಿದು ವಾಂತಿಯಾಗಿ ಬೀಳುತ್ತಾರೆ. ಪೊಟ್ಟಣ ಸಮೇತ ವೈದ್ಯರ ಬಳಿ ಕಳಿಸಿ, ಅವರು ಹಂತಹಂತವಾಗಿ ಇಳಿಸುತ್ತಾರೆ.

ನೋವಿಗೆ ಮೊದಲು ಡೈಕ್ಲೋಫೆನಾಕ್ ಜೆಲ್, ದಿನಕ್ಕೆ 3-4 ಸಲ ಮೊಣಕಾಲಿನ ಸುತ್ತ. ಅದೇ ಔಷಧದ ಗುಳಿಗೆ ಬಿ.ಪಿ., ಶುಗರ್ ಇದ್ದವರ ಕಿಡ್ನಿಗೆ, ಹೊಟ್ಟೆಗೆ ಭಾರ. ತೂಕ ಕಾರಣವಿಲ್ಲದೆ ಏರುತ್ತಿರುವ ಹೆಂಗಸರಲ್ಲಿ ಒಮ್ಮೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಇಂಜೆಕ್ಷನ್ನಿಗೆ ಆಧಾರವಿದೆ. 2024ರಲ್ಲಿ ಪ್ರಕಟವಾದ 407 ಜನರ ಅಧ್ಯಯನದಲ್ಲಿ ಸೆಮಾಗ್ಲುಟೈಡ್ 68 ವಾರ ತೆಗೆದುಕೊಂಡವರ ತೂಕ ನೂರಕ್ಕೆ 13.7 ಇಳಿಯಿತು, ಮೊಣಕಾಲು ನೋವೂ ಬರಿ ನೀರಿನಂಥ ಚುಚ್ಚುಮದ್ದು ಪಡೆದವರಿಗಿಂತ ಹೆಚ್ಚು ಇಳಿಯಿತು. ಆದರೆ ದುಬಾರಿ, ನಿಲ್ಲಿಸಿದರೆ ತೂಕ ಮರಳುತ್ತದೆ, ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಖುರ್ಚಿ ವ್ಯಾಯಾಮ ತಪ್ಪಿದ್ದಲ್ಲ.

ಇವು ಕಂಡರೆ ತೂಕದ ಮಾತೇ ಬೇಡ, ಅವತ್ತೇ ಕಳಿಸಿ: ಬೆನ್ನುನೋವಿನ ಜೊತೆ ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಚಪ್ಪಲಿ ಜಾರಿ ಬೀಳುವುದು. ಜ್ವರದೊಂದಿಗೆ ಒಂದೇ ಮೊಣಕಾಲು ಬಿಸಿಯಾಗಿ ಕೆಂಪಗೆ ಊದುವುದು. ಒಂದೇ ಮೀನಖಂಡ ಊದಿ ನೋಯುವುದು.

ವಿಜಯಪುರ_ಫಿಜಿಯೋ:

ಮಗ್ಗದವರಿಗೆ: ಕಾಲ ಕೆಳಗ ದಪ್ಪ ರಬ್ಬರ್ ಮ್ಯಾಟ್, ಸಿಗಲಿಲ್ಲಂದರ ಗೋಣಿತಟ್ಟು ನಾಕು ಪದರ, ಅಂಚು ಎಡವಲಾರದಂಗ ಹೊಲಸಿ. ಬರಿಗಾಲು ಬ್ಯಾಡ, ಮೆತ್ತನ್ನ ರಬ್ಬರಿನ ಎಂಸಿಆರ್ ಚಪ್ಪಲಿ. 10-15 ಸೆಂ.ಮೀ. ಎತ್ತರದ ಕಟ್ಟಿಗಿ ತುಂಡು ಇಟ್ಟು 15 ನಿಮಿಷಕ್ಕೊಮ್ಮೆ ಒಂದೊಂದು ಕಾಲು ಅದರ ಮ್ಯಾಲೆ. ಮುಂದ ಹೊಟ್ಟಿ ಇದ್ದವರಿಗೆ ಟೊಂಕ ಒಳಗ ಬಾಗಿ ಹಿಂದಿನ ಸಣ್ಣ ಕೀಲುಗಳು ಒತ್ತಿ ಹಿಡದಿರತಾವ, ಒಂದು ಕಾಲು ಎತ್ತಿದ ಕೂಡಲೇ ಆ ಬಾಗು ಸಡಿಲ ಆಗತೈತಿ. ತಾಸಿಗೊಮ್ಮೆ ಒಂದು ನಿಮಿಷ ಕುಂತು ಮುಂದಕ್ಕ ಬಗ್ಗಿ ಕೈ ನೆಲಕ್ಕ ಬಿಡಬೇಕು.

ಭಾರ ಎತ್ತೋದು ಬಿಡಬ್ಯಾಡ, ಮೈಗೆ ಹತ್ತರ ಎತ್ತಬೇಕು. 1999ರಾಗ ಜರ್ಮನಿಯೊಳಗ ಒಬ್ಬ ಸ್ವಯಂಸೇವಕನ ಡಿಸ್ಕಿನೊಳಗ ಸೂಜಿ ಇಟ್ಟು ಅಳದಿದ್ದರು. ನಿಂತಾಗ 0.5 ಮೆಗಾಪಾಸ್ಕಲ್ (ಒತ್ತಡದ ಅಳತಿ). 20 ಕಿಲೋ ಬೆನ್ನು ಬಾಗಿಸಿ ಎತ್ತಿದಾಗ 2.3. ಮಣಕಾಲು ಮಡಚಿ ಎತ್ತಿದಾಗ 1.7. ಅದ 20 ಕಿಲೋ ಎದಿಗೆ ಅವಚಿ ಹಿಡಿದಾಗ 1.1. ಭಾರ ಅದ, ಮೈಯಿಂದ ಎಷ್ಟು ದೂರ ಅನ್ನೋದ ಫರಕು. ಮಗ್ಗದ ಬೀಮ್ (ನೂಲು ಸುತ್ತಿದ ಉರುಳಿ) ಒಬ್ಬರ ಎತ್ತಬಾರದು, ಅದನ್ನ ಮೈಗೆ ಅವಚಾಕ ಬರೂದಿಲ್ಲ. ನೀರಿನ ಕೊಡ ಟೊಂಕದ ಮ್ಯಾಲೆ ಒಂದ ಬದಿಗೆ ಹೊರೋ ಬದಲು 7-8 ಲೀಟರಿನ ಎರಡು ಕ್ಯಾನ್, ಎರಡೂ ಕೈಗೆ.

ವ್ಯಾಯಾಮ ಎರಡ ಸಾಕು. ಅಂಗಾತ ಮಲಗಿ ಮಣಕಾಲು ಮಡಚಿ ಕುಂಡಿ ಎತ್ತಿ 5 ಎಣಿಸೋದು, ಹತ್ತು ಸಲ. ಅಂಬೆಗಾಲಿನಾಗ ಬಲಗೈ-ಎಡಗಾಲು, ಆಮ್ಯಾಲೆ ಎಡಗೈ-ಬಲಗಾಲು ಚಾಚಿ 5 ಎಣಿಸೋದು, ಬೆನ್ನ ಮ್ಯಾಲೆ ಇಟ್ಟ ಚಾ ಕಪ್ಪು ಚೆಲ್ಲಬಾರದು ಅಂತ ಹೇಳಿದರ ಎಲ್ಲಾರಿಗೂ ತಿಳೀತೈತಿ.

ಹುನಗುಂದ_ಭಕ್ತ:

ಒಂದು ಮಾತು ನಡುವ. ಯುಗಾದಿಗೆ ಶ್ರೀಶೈಲಕ್ಕ ಪಾದಯಾತ್ರಿ ಹೊಂಡೋರಿಗೆ ಮಣಕಾಲು ನೋವಿದ್ದರ ಹೋಗಬ್ಯಾಡ ಅಂದರ ಕೇಳೂದಿಲ್ರಿ. ಏನು ಹೇಳೋಣ?

ವಿಜಯಪುರ_ಫಿಜಿಯೋ:

ಹೋಗಬ್ಯಾಡ ಅನ್ನಬ್ಯಾಡ್ರಿ, ಮೂರು ತಿಂಗಳು ಮೊದಲ ಶುರು ಮಾಡಸ್ರಿ. ಸಂಕ್ರಾಂತಿಯಿಂದ ತಯಾರಿ ಮಾಡತೀನಿ ಅಂದರ ತಡ ಆಗಿರತೈತಿ, ಕಾರ್ತಿಕ ಮುಗಿಯೋದರೊಳಗ ಖುರ್ಚಿ ವ್ಯಾಯಾಮ ಹಿಡಿಬೇಕು. ಮನ್ಯಾಗ ಎರಡು ಸಾವಿರ ಹೆಜ್ಜಿ ಇದ್ದವರು ಒಮ್ಮೆಗೇ ದಿನಕ್ಕ 30-40 ಕಿ.ಮೀ. ನಡೆದರ ಕೀಲಿಗಿಂತ ಮೊದಲು ಸ್ನಾಯು ಸೋಲತೈತಿ, ಸೋತ ಸ್ನಾಯು ಹೊರಲಾರದ ಭಾರ ಎಲ್ಲಾ ಮೃದ್ವಸ್ಥಿ ಮ್ಯಾಲೆ ಬೀಳತೈತಿ. ಹೊಸ ಬೂಟು ಹಾಕ್ಕೊಂಡು ಹೊಂಡಬಾರದು, ಕನಿಷ್ಠ ಒಂದು ತಿಂಗಳು ಹಾಕಿ ಪಳಗಿಸಿರಬೇಕು. ಹೆಗಲ ಮ್ಯಾಲಿನ ಗಂಟು ಜೊತಿಗೆ ಬರೋ ಟ್ರ್ಯಾಕ್ಟರಿಗೆ ಹಾಕಬೇಕು, ಐದು ಕಿಲೋ ಗಂಟು ಅಂದರ ಮಣಕಾಲಿಗೆ ಐದು ಕಿಲೋ ತೂಕ ಏರಿದಂಗ. ಕಾಡಿನ ಇಳಿಜಾರು ದಾರಿಯೊಳಗ ಎರಡೂ ಕೈಯಾಗ ಕೋಲು, ಹೆಜ್ಜಿ ಸಣ್ಣದು. ಮಣಕಾಲು ಬಾತ ದಿನ ಗಾಡಿ ಹತ್ತಬೇಕು, ಮಲ್ಲಯ್ಯ ಏನೂ ಅನ್ನೂದಿಲ್ಲ.

ರೊಟ್ಟಿಲೆಕ್ಕ:

ಸಿಎಚ್‌ಒ ಅಕ್ಕಾರ, ತಕ್ಕಡಿ ಬಗ್ಗೆ ಹೇಳೋದು ಉಳೀತು. ವಾರಕ್ಕ ಒಂದ ದಿನ, ಅದ ಹೊತ್ತು, ಮುಂಜಾನೆ ಏನೂ ತಿನ್ನೋಕಿಂತ ಮೊದಲು. ದಿನಾ ನೋಡಿದರ ನೀರಿನ ಏರಿಳಿತಕ್ಕ ಕಿಲೋಗಟ್ಟಲೆ ಆಚೀಚೆ ಆಗಿ ಮನಸ್ಸು ಮುರೀತಾರ. ತಕ್ಕಡಿ ಸಪಾಟು ಕಲ್ಲಿನ ಮ್ಯಾಲೆ ಇಡ್ರಿ, ಜಮಖಾನಿ ಮ್ಯಾಲೆ ಇಟ್ಟರ ತಪ್ಪು ತೋರಸತೈತಿ. ಹೊಟ್ಟಿ ಅಳತಿ ಕೊನೇ ಪಕ್ಕೆಲುಬಿಗೂ ಟೊಂಕದ ಎಲುಬಿಗೂ ನಟ್ಟನಡುವ, ಉಸಿರು ಬಿಟ್ಟಾಗ, ಸೀರಿ ನಿರಿಗಿ ಸಡಿಲಿಸಿ. ನಿರಿಗಿ ಮ್ಯಾಲೆ ಟೇಪ್ ಸುತ್ತಿದರ ನಾಕು ಸೆಂಟಿಮೀಟರ್ ಅದರದ ಬರತೈತಿ.